ಸುತ್ತಿನ ಲೆಕ್ಕ

ಅರ್ಜಿಯ ಏಳನೇ ಸಾಲು: ವಿದ್ಯಾರ್ಹತೆ.
ಪೆನ್ನು ಅಲ್ಲೇ ನಿಂತಿತು.
ನಾಗಮಂಗಲದ ಬ್ಯಾಂಕಿನಲ್ಲಿ ನೆತ್ತಿಯ ಮೇಲಿನ ಫ್ಯಾನು
ಕಟಕಟ ಅನ್ನುತ್ತಿತ್ತು. ಬೇರಿಂಗ್ ಹೋಗಿದೆ,
ಕೆಪಾಸಿಟರು ಇನ್ನೊಂದು ತಿಂಗಳು ತಡೆದರೆ ಹೆಚ್ಚು.
ಇದನ್ನು ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ.

ಪಿಯುಸಿ ಫೇಲು. ಗಣಿತದಲ್ಲಿ ಹದಿನೇಳು.
ಆ ಹದಿನೇಳನ್ನು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ,
ಹಸು ಕಳೆದವನ ಹಾಗೆ.
"ಕೂತು ಉಣ್ಣೋ ಬದ್ಲು ಹೋಗಿ ರಸೀತಿ ಬರಿ" ಅಂದರು.
ಬೆಳ್ಳೂರು ಕ್ರಾಸಿನಲ್ಲಿ ಸೋದರಮಾವನ ಮಗ
ಮೋಟಾರು ಸುತ್ತುತ್ತಿದ್ದ.
ರಸೀತಿ ಬರೆದೆ, ಟೀ ತಂದೆ,
ಸುಟ್ಟ ಮೋಟಾರು ಬಿಚ್ಚುವ ಕೆಲಸ ಯಾರಿಗೂ ಬೇಡವಾಗಿತ್ತು,
ಕೈಯೆಲ್ಲ ಮಸಿ, ಮೂಗಿಗೆ ಕಮಟು.
ಅದು ನನ್ನ ಪಾಲಿಗೆ ಬಂತು.

ಬಿಚ್ಚುವಾಗಲೇ ಎಣಿಸಬೇಕು.
ಒಂದು ಸ್ಲಾಟಿಗೆ ಎಷ್ಟು ಸುತ್ತು, ಯಾವ ಗೇಜಿನ ತಂತಿ,
ಎಡಕ್ಕೋ ಬಲಕ್ಕೋ,
ಯಾವ ತುದಿ ಯಾವುದರ ಕೈ ಹಿಡಿದಿತ್ತು.
ಎಣಿಸದೆ ಕಿತ್ತವನಿಗೆ ಮತ್ತೆ ಸುತ್ತಲು ಬಾರದು.
ಕರಕಲಿನ ಕೆಳಗೂ ಅಂಕಿ ಉಳಿದಿರುತ್ತದೆ.
ವಿಮೆ ಏಜೆಂಟು ಕೊಟ್ಟ ಡೈರಿಗಳು ಮೂರು ತುಂಬಿದವು.
ಈಗಲೂ ಪಾಂಡವಪುರದಿಂದ ಫೋನು ಬರುತ್ತದೆ:
"ಅಕ್ಕೋ, ಆ ಹಳೇ ಏಳೂವರೆ ಎಚ್‌ಪಿಗೆ ಸುತ್ತು ಎಷ್ಟು?"
ಹೇಳುತ್ತೇನೆ. ಒಂದು ಲೆಕ್ಕಕ್ಕೆ ಇನ್ನೂರು.

ಮಾವನ ಮಗ ಸೈಟು ಮಾರುವ ಕೆಲಸಕ್ಕೆ ಇಳಿದ.
ಸಾಮಾನು ನನಗೇ ಕೊಟ್ಟ;
ಕೊಟ್ಟ ಅಂದರೆ ಮಾರಿದ, ಒಂದು ಲಕ್ಷದ ಹತ್ತು ಸಾವಿರಕ್ಕೆ.
ಚೀಟಿ ಕೂಗಿ ಎತ್ತಿದೆ, ಇಪ್ಪತ್ತೆಂಟು ಸಾವಿರ ಬಿಟ್ಟು.
ಮೊದಲ ವಾರವೇ ಒಂದು ಕನೆಕ್ಷನ್ ತಿರುಗುಮುರುಗಾಗಿ
ಮೋಟಾರು ಹೊಗೆಯಾಯಿತು. ಹೊಸದು ತೆಗೆಸಿಕೊಟ್ಟೆ.
ಆ ರಾತ್ರಿ ಊಟ ಸೇರಲಿಲ್ಲ.

"ಯಜಮಾನ್ರು ಇಲ್ವಾ?"
"ಮಾತಾಡ್ತಾ ಇದ್ದೀರಲ್ಲ, ಹೇಳಿ."

ಮೂರು ಫೇಸು ಬರುವುದು ರಾತ್ರಿ, ಸುಡುವುದೂ ರಾತ್ರಿ.
ಬೆಳಿಗ್ಗೆ ಆರಕ್ಕೆ ಮೊಪೆಡ್ಡಿನ ಮೇಲೆ ಅಡ್ಡ ಮಲಗಿಸಿ,
ಆಸ್ಪತ್ರೆಗೆ ತಂದ ಹಾಗೆ ತರುತ್ತಾರೆ.
"ಸಂಜೀಕೇ ಬೇಕು ಕಣಕ್ಕ,
ಹುಳ ನಾಕನೇ ಜ್ವರದಲ್ಲವೆ, ಸೊಪ್ಪಿಗೆ ನೀರಿಲ್ಲ."
ಹುಳುವಿನ ಜ್ವರ ಇಳಿಯುವ ಮೊದಲು
ಮೋಟಾರಿನ ಜ್ವರ ಇಳಿಯಬೇಕು.
ಆ ಕಡೆ ಅಸ್ಮಾ, ಈ ಕಡೆ ಪಲ್ಲವಿ,
ನಡುವೆ ಉದ್ದದ ಸ್ಟೇಟರು.
ಒಬ್ಬಳು ನೂಕಿದ ತಂತಿಯನ್ನು ಇನ್ನೊಬ್ಬಳು ಎಳೆಯುತ್ತಾಳೆ,
ಒಂದು ಗೀರು ಬಿದ್ದರೂ ಮುನ್ನೂರು ಅಡಿ ಆಳದಲ್ಲಿ
ನೀರು ಅದನ್ನು ಹುಡುಕಿಕೊಂಡು ಬರುತ್ತದೆ.
ಇಬ್ಬರೂ ನನ್ನ ಹಾಗೇ ಫೇಲಾದವರು.
ತಿಂಗಳಿಗೆ ಹದಿನೆಂಟು ಸಾವಿರ.
ಅಸ್ಮಾ ಹೋದ ವರ್ಷ ಕಂತಿಲ್ಲದೆ ಸ್ಕೂಟರು ತಂದಳು,
ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ.

ಕಾಲೇಜು ಬೇಡ ಅನ್ನುವ ಮಾತಲ್ಲ ಇದು.
ಜಿಎಸ್‌ಟಿ ನೋಟೀಸಿನ ಇಂಗ್ಲಿಷಿಗೆ ಇವತ್ತೂ ಬೆವರುತ್ತೇನೆ,
ಅದನ್ನು ಓದಿ ಹೇಳಲು ಆಡಿಟರಿಗೆ ಹನ್ನೆರಡು ಸಾವಿರ ಎಣಿಸುತ್ತೇನೆ.
ಎದ್ದ ತಕ್ಷಣ ದೇವರ ಪಟಕ್ಕಿಂತ ಮೊದಲು
ತಾಮ್ರದ ರೇಟು ನೋಡುತ್ತೇನೆ. ಪಾಪ ಬರಲಿ.

"ಖಾಲಿ ಬಿಡೋ ಹಾಗಿಲ್ಲ ಮೇಡಂ" ಅಂದರು ಮ್ಯಾನೇಜರು,
ಪಾಪ, ಮೆತ್ತಗೇ ಅಂದರು.
ಬಿಡಿಸಿ ಬರೆದೆ: ಪಿಯುಸಿ, ಫೇಲ್.
ಎಂಟನೇ ಸಾಲು: ವಾರ್ಷಿಕ ವಹಿವಾಟು.
ಅದಕ್ಕೆ ಕೊಟ್ಟಿದ್ದು ಆರೇ ಚೌಕ.
ಎಡದಿಂದ ಒಂದೊಂದೇ ಅಂಕಿ ಕೂರಿಸುತ್ತ ಹೋದೆ.
ಕೊನೆಯ ಸೊನ್ನೆಯನ್ನು
ಗೆರೆಯ ಹೊರಗೆ ಬರೆಯಬೇಕಾಯಿತು.
ಮೇಲೆ ಫ್ಯಾನು
ಕಟಕಟ, ಕಟಕಟ.