ಅಡುಗೆಮನೆಯ ಬಾಗಿಲು

ಮೂವತ್ತೊಂದು ವರ್ಷದಿಂದ ಈ ಚರ್ಚಿನ ಬೀಗದಕೈ
ನನ್ನ ಸೊಂಟದಲ್ಲಿದೆ.
ಆಕೆ ಬೇಡ ಎಂದು ಕೈಯೆತ್ತಿದವರಲ್ಲಿ ನಾನೂ ಒಬ್ಬ,
ಮುಚ್ಚಿಡುವುದೇನಿದೆ.
ನಲವತ್ತೊಂದು ಬೇಕು, ಮೂವತ್ತೆಂಟು ಬೇಡ.
ಹೆಂಗಸು ಎಂದಲ್ಲ. ಜೊತೆಗೆ ಹೆಂಡತಿಯನ್ನು ಕರೆತಂದಿದ್ದಳು,
ಅದಕ್ಕೆ.

ಮಾರ್ಸಲಿ ಮೆಕ್‌ಆಸ್ಕಿಲ್. ಕೇಪ್ ಬ್ರೆಟನ್ನಿನವಳೇ.
ಮೊದಲ ದಿನ ಪೀಠ ನೋಡಲಿಲ್ಲ, ಬಣ್ಣದ ಗಾಜು ನೋಡಲಿಲ್ಲ.
'ಲಾಕ್ಲನ್ ಯಾವ ಬಾಗಿಲಿಂದ ಬರ್ತಾರೆ?' ಅಂದಳು.
ಗಣಿ ಕುಸಿದಾಗ ಎರಡೂ ಕಾಲು ಅಲ್ಲೇ ಬಿಟ್ಟು ಬಂದವನು ಲಾಕ್ಲನ್.
'ಹಿಂದಿನಿಂದ, ಅಡುಗೆಮನೆಯಿಂದ' ಅಂದೆ.
'ಎದುರಿಗೆ ಏಳು ಮೆಟ್ಟಿಲು. ಗಣಿಯ ಧಣಿ ಕೊಟ್ಟ ಕಲ್ಲು,
ಒಂದೊಂದರ ಮೇಲೂ ಅವನ ಹೆಸರು.
ಅದನ್ನು ಒಡೆಯುವ ಮಾತೆತ್ತಿದರೆ ಚರ್ಚೇ ಒಡೆದೀತು.'

ಆಕೆ ಏನೂ ಅನ್ನಲಿಲ್ಲ.
ಭಾನುವಾರ ನಿಲುವಂಗಿ ತೊಟ್ಟು, ಬೈಬಲ್ಲು ಕಂಕುಳಲ್ಲಿಟ್ಟು,
ಆಲೂಗಡ್ಡೆ ಮೂಟೆ ದಾಟಿ, ಒಲೆ ದಾಟಿ,
ಲಾಕ್ಲನ್ನನ ಗಾಲಿಕುರ್ಚಿಯ ಹಿಂದೆ
ಒಳಗೆ ಬಂದಳು.
ಮರುವಾರವೂ. ಹಿಮ ಸೊಂಟದವರೆಗೆ ಬಿದ್ದ ವಾರವೂ.
ಹ್ಯಾಲಿಫ್ಯಾಕ್ಸಿನಿಂದ ಮೇಲಿನವರು ಬಂದ ಈಸ್ಟರಿನ ದಿನವೂ.
ಆ ಬಗ್ಗೆ ಒಂದಾದರೂ ಉಪದೇಶ?
ಊಹೂಂ.

ಮೊದಲು ಮಕ್ಕಳು ಹಿಂಬಾಲಿಸಿದವು, ಅಲ್ಲಿ ಬಿಸ್ಕತ್ತಿನ ಡಬ್ಬಿ ಇತ್ತಲ್ಲ.
ಆಮೇಲೆ ಮೊಣಕಾಲು ನೋವಿನ ಮುದುಕಿಯರು.
ಕೊನೆಗೆ ಹೊಸ ಕೋಟಿನ ಡಾಕ್ಟರು ಕೂಡ,
ಜಿಡ್ಡುನೆಲದ ಮೇಲೆ ಬೂಟು ಜಾರುತ್ತ.
ಅಡುಗೆಮನೆ ದಾಟುವಾಗ ಕಣ್ಣಿಗೆ ಬೀಳುತ್ತದೆ, ಏನು ಮಾಡುವುದು,
ತೊಳೆಯುತ್ತಿರುವ ಕೈ.
ಏಡಿ ಕಾರ್ಖಾನೆಯ ಫಿಲಿಪೀನ್ಸ್ ಹುಡುಗಿಯರು,
ಉಪ್ಪುನೀರಿಗೆ ಬೆರಳ ತುದಿ ಬಿರಿದವರು.
ನಾಲ್ಕು ವರ್ಷ ನಮ್ಮ ಎಂಜಲು ಲೋಟ ತೊಳೆದವರ ಹೆಸರು
ಆಗ ಕೇಳಿದೆವು.
ಲಿಗಾಯಾ. ದಲಿಸಾಯ್.

ಅವರ ಪಾಸ್‌ಪೋರ್ಟು ಕಾರ್ಖಾನೆಯ ಕಪಾಟಿನಲ್ಲಿ.
ಕಪಾಟಿನ ಕೀಲಿ
ನಮ್ಮ ಮೂರನೇ ಬೆಂಚಿನ ಮ್ಯಾನೇಜರನ ಜೇಬಿನಲ್ಲಿ.
ಆಕೆ ಅವನ ಮನೆಗೆ ಹೋದಳು. ಟ್ರಕ್ಕು ಓಡಿಸಿದ್ದು ನಾನೇ.
ಕೈಯಲ್ಲಿ ಬೈಬಲ್ಲು ಇರಲಿಲ್ಲ, ಸಂಬಳದ ಚೀಟಿಗಳಿದ್ದವು.
ಎರಡು ಗಂಟೆ ಎಂಜಿನ್ನು ಆರಿಸಿ ಕೂತೆ.
ಒಳಗಿನಿಂದ ಕೂಗಾಟ, ಅವನದೊಂದೇ ದನಿ.
ಪಾಸ್‌ಪೋರ್ಟು ಬಂತು. ಅವನ ಕಾಣಿಕೆ ನಿಂತಿತು.
ಈಗ ಮಳೆ ಬಂದರೆ
ಆರ್ಗನ್ನಿನ ಪಕ್ಕ ಬಕೆಟ್ಟು ಇಡುವ ಕೆಲಸ ನನಗೆ.
ಬೈಯುತ್ತಲೇ ಇಡುತ್ತೇನೆ.

ಇಷ್ಟೆಲ್ಲ ಹೇಳಿದ್ದು ಬೇರೆ ಮಾತಿಗೆ.

ನವೆಂಬರಿನಲ್ಲಿ ಸತ್ತವರ ಹೆಸರು ಓದುವ ಭಾನುವಾರ.
ಹಿಂದಿನ ರಾತ್ರಿ, ದೀಪ ಆರಿಸುವ ಹೊತ್ತಿಗೆ,
ಒಂದು ಚೀಟಿ ಆಕೆಯ ಕೈಗಿಟ್ಟೆ.
ನನ್ನ ತಮ್ಮ.
ಅವನು ಎಂಥವನೆಂದು ಗೊತ್ತಾದ ದಿನ
ಅಪ್ಪ ಹೊರಗಟ್ಟಿದ.
ಚಿಲಕ ಹಾಕಿದ್ದು ನಾನು.
ಟೊರಾಂಟೊದಲ್ಲಿ, ಹೆಸರು ಹೇಳಲು ಹೆದರುತ್ತಿದ್ದ ಆ ಕಾಯಿಲೆಯಲ್ಲಿ ಹೋದ.
ಮಣ್ಣಿಗೆ ನಮ್ಮ ಕಡೆಯವರು ಯಾರೂ ಹೋಗಲಿಲ್ಲ.
'ನೀವೇ ಓದಿಬಿಡಿ' ಅಂದೆ, 'ನಡುವೆ ಎಲ್ಲಾದರೂ. ಬೇಗ.'

ಆಕೆ ಚೀಟಿ ಮಡಚಿ
ನನ್ನ ಅಂಗಿಯ ಜೇಬಿಗೇ ವಾಪಸು ಹಾಕಿದಳು.
'ಓದೋದು ನೀವು, ಹೆಕ್ಟರ್.
ನಾನು ಪಕ್ಕದಲ್ಲಿ ನಿಂತಿರ್ತೀನಿ.'

ಸಿಟ್ಟು ಬಂತು. ಇದಕ್ಕೇನು ಸಂಬಳ ಕೊಡುವುದು ನಾವು,
ಎಂದು ಬೆಳಗಿನವರೆಗೆ ಮಗ್ಗುಲು ಬದಲಿಸಿದೆ.

ಎದ್ದು ನಿಂತೆ.
ಗಂಟಲಲ್ಲಿ ಅಷ್ಟೂ ವರ್ಷದ ಕಲ್ಲಿದ್ದಲ ಧೂಳು.
ಆಕೆ ಪೀಠ ಇಳಿದು ಬಂದಳು. ಒಂದು ಮೊಳ ದೂರ.
ಭುಜ ಮುಟ್ಟಲಿಲ್ಲ, ಹೇಳಿಕೊಡಲಿಲ್ಲ.
ಬಕೆಟ್ಟಿಗೆ ಹನಿ ಬೀಳುತ್ತಿತ್ತು. ನಾಲ್ಕು ಎಣಿಸಿದೆ.
ಐದನೆಯದಕ್ಕೆ ಮೊದಲು
'ರೋರಿ' ಅಂದೆ.

ಹಿಂದಿನಿಂದ ಲಾಕ್ಲನ್, ಕಿವುಡ ಮುದುಕ, ಕೂಗಿದ:
'ಕೇಳಿಸಲಿಲ್ಲವೋ, ಜೋರಾಗಿ ಹೇಳು!'

ಹೇಳಿದೆ.