ಹಣೆದೀಪ

ರಾತ್ರಿ ಹತ್ತೂವರೆ. ಮಳೆ ಈಗಷ್ಟೇ ನಿಂತಿದೆ.
ಅವು ಹೊರಡುವ ಹೊತ್ತು ಇದೇ.
ನಾನೂ ಹೊರಟೆ.
ಹಣೆಗೆ ವಿಲ್ಫ್‌ನ ಗಣಿದೀಪ,
ಗಣಿ ಮುಚ್ಚಿದ ದಿನ ಹಿಂದಿರುಗಿಸದೆ ತಂದದ್ದು,
ಪಟ್ಟಿ ಸಡಿಲ, ಕಿವಿಗೆ ಜಾರುತ್ತದೆ.
ಕೈಯಲ್ಲಿ ಸಕ್ಕರೆ ಇಕ್ಕಳ, ಮಾರ್ಮಲೇಡಿನ ಡಬ್ಬಿ.
ಕಾಲಿಗೆ ಅವನದೇ ಬೂಟು, ಎರಡು ಜೊತೆ ಕಾಲುಚೀಲ ತುರುಕಿ.

ಮೇಲೆ ಕಿಟಕಿಯಲ್ಲಿ ಅವನು.
ಮೂವತ್ತೊಂದು ವರ್ಷದ ಕಲ್ಲಿದ್ದಲ ಧೂಳು
ಎದೆಯಲ್ಲಿ ಮನೆ ಮಾಡಿ
ಮೆಟ್ಟಿಲು ಇಳಿಯಬೇಡ ಅಂದಿದೆ.
ಗಾಜಿಗೆ ಬೆರಳು ಬಡಿದು ಅಪ್ಪಣೆ ಕೊಡುತ್ತಾನೆ:
ಒಂದು ಬಡಿದರೆ ನಿಲ್ಲು, ಎರಡು ಬಡಿದರೆ ಬಗ್ಗು,
ಪಾತಾಳಕ್ಕೆ ಪಂಜರ ಇಳಿಸುವಾಗಿನ ಗಂಟೆಯ ಲೆಕ್ಕ.

ಏಳು ಲೀಕ್ ಗಿಡ. ಈರುಳ್ಳಿಯ ದಾಯಾದಿ,
ನಾರ್ಥಂಬರ್‌ಲ್ಯಾಂಡಿನ ಈ ಗಣಿಸಾಲಿನಲ್ಲಿ ಮಾತ್ರ
ಮನೆಮಗನ ಪಟ್ಟ.
ಸೆಪ್ಟೆಂಬರಿನ ಮೂರನೇ ಶನಿವಾರ ಕ್ಲಬ್ಬಿನ ಮೇಜಿನ ಮೇಲೆ
ಮೂವರು ಪಟ್ಟಿ ಹಿಡಿದು ಅವುಗಳ ಸೊಂಟ ಅಳೆಯುತ್ತಾರೆ.
ಎಲೆಗೊಂದು ತೂತು ಕಂಡರೆ ಸಾಕು,
ವರ್ಷವಿಡೀ ಹಾಕಿದ ಗೊಬ್ಬರ, ನನಗೂ ಹೇಳದ ಅವನ ಕಷಾಯ,
ಎಲ್ಲ ಹೊಳೆಯಲ್ಲಿ ತೊಳೆದ ಹುಣಿಸೆಹಣ್ಣು.

ಏನೇನು ಮಾಡಿಲ್ಲ!
ಮೊಟ್ಟೆಚಿಪ್ಪು ಪುಡಿಮಾಡಿ ಬೇಲಿ ಹಾಕಿದೆ,
ಅದರ ಮೇಲೇ ಬೆಳ್ಳಿಗೆರೆ ಎಳೆದು ಸಹಿ ಹಾಕಿ ಹೋದವು.
ತಾಮ್ರದ ಹಳೇ ಪೆನ್ನಿಗಳನ್ನು ಸುತ್ತ ಹೂತೆ.
ಬಸಿಯಲ್ಲಿ ಬಿಯರ್ ಇಟ್ಟೆ. ಬೆಳಿಗ್ಗೆ ಹನ್ನೊಂದು ತೇಲುತ್ತಿದ್ದವು.
ವಿಲ್ಫ್ ಅಂದ: "ಒಳ್ಳೇ ಸಾವು.
ನಮ್ಮಪ್ಪನಿಗೂ ಸಿಗಲಿಲ್ಲ."
ಪಕ್ಕದ ಟೆಯ್ಟ್ ನೀಲಿ ಗುಳಿಗೆ ಚೆಲ್ಲಿದ.
ಅವನ ಲೀಕ್ ಉಳಿಯಿತು,
ಬೇಲಿಯ ಬುಡದ ಪುಟ್ಟ ಮುಳ್ಳುಹಂದಿ ಉಳಿಯಲಿಲ್ಲ.

ಉಪ್ಪು? ಒಂದೇ ಒಂದು ಸಲ.
ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ.
ಇದು ತಿನ್ನಲೂ ಇಲ್ಲ. ಮೈಗೆ ಸೋಕಿದ್ದಷ್ಟೇ,
ನೊರೆಯೆದ್ದು, ಸುರುಟಿ, ತಾನೇ ನೀರಾಯಿತು.
ನೋಡುತ್ತ ನಿಂತೆ. ದೀಪ ಆರಿಸಲೂ ತೋಚಲಿಲ್ಲ.
ಅಂದಿನಿಂದ
ಡಬ್ಬಿ ತುಂಬಿದ ಮೇಲೆ ರೈಲುದಿಬ್ಬಕ್ಕೆ ಹೋಗಿ ಸುರಿದು ಬರುತ್ತೇನೆ.
ಅವನಿಗೆ ಹೇಳುವುದು: "ಅರವತ್ತು. ಎಲ್ಲ ಉಪ್ಪಿಗೆ."
ಅವನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ.

ಬಸವನಹುಳುವಿಗಾದರೆ ಬೆನ್ನ ಮೇಲೆ ಮನೆ, ಹೆಸರಲ್ಲಿ ಬಸವ.
ಇದರ ಪಾಲಿಗೆ ಬಂದದ್ದು ಬರೀ ಕೊಂಬು.
ಸಿಂಬಳದ ಹುಳು ಅಂತ ಕರೆದು ಕೈ ತೊಳೆದುಕೊಂಡೆವು.
ತೊಳೆದರೆ ಹೋಗುವುದಿಲ್ಲ ಆ ಅಂಟು,
ಒಣಬಟ್ಟೆಯಲ್ಲಿ ಉಜ್ಜಬೇಕು, ಗೊತ್ತಿರಲಿ.

ಪ್ರದರ್ಶನದ ಹಿಂದಿನ ರಾತ್ರಿ ಮೂರು ಗಿಡ ಕಿತ್ತು
ಮೇಲೆ ಹೊತ್ತು ತಂದು ಸ್ನಾನದ ತೊಟ್ಟಿಯಲ್ಲಿ ಮಲಗಿಸಿದೆ.
ಹಾಲಲ್ಲದ್ದಿದ ಬಟ್ಟೆಯಿಂದ ಅವನು ಒರೆಸಿದ.
ನಮ್ಮ ಮಗಳನ್ನು ಯಾವತ್ತೂ ಅಷ್ಟು ಮೆತ್ತಗೆ ಒರೆಸಿದವನಲ್ಲ.
ಎರಡನೆಯದರ ಎಲೆ ಬಿಡಿಸಿದರೆ, ಕಂಕುಳಲ್ಲಿ,
ಅದು.
ಬೆರಳುದ್ದ, ಬೂದುಬಣ್ಣ. ಎಷ್ಟು ದಿನದಿಂದಲೋ!
ಎಲೆಗೆ ಒಂದು ಗೀರೂ ಇಲ್ಲ.
ಏನು ತಿಂದು ಬದುಕಿತ್ತೋ.

ನಾನು ಇಕ್ಕಳ ಹುಡುಕಿದೆ. ಅವನು ಅಂಗೈ ಚಾಚಿದ.
ಅದು ಕೊಂಬು ಚಾಚಿತು, ಒಳಗೆಳೆದುಕೊಂಡಿತು, ಮತ್ತೆ ಚಾಚಿತು.
"ಹದಿನೆಂಟು ಇಂಚಿನ ಪದರ," ಅಂದ,
"ಅಷ್ಟರಲ್ಲೇ ತೆವಳಿ, ಅಲ್ಲೇ ಬುತ್ತಿ ಬಿಚ್ಚುತ್ತಿದ್ದೆವು."
ಮತ್ತೇನೂ ಹೇಳಲಿಲ್ಲ.

(ಲೀಕಿಗೆ ಬಂದದ್ದು ಐದನೇ ಬಹುಮಾನ, ಒಂದು ಟೋಸ್ಟರ್.
ಟೆಯ್ಟ್‌ಗೆ ಸೋಫಾ. ಅದಿರಲಿ.)

ಹದಿಮೂರು ಮೆಟ್ಟಿಲು.
ಐದನೆಯದಕ್ಕೆ ನಿಂತ. ಹನ್ನೊಂದಕ್ಕೆ ಗೋಡೆ ಹಿಡಿದ.
ಒಂದು ಕೈ ಗೋಡೆಗೆ, ಇನ್ನೊಂದು ಅದಕ್ಕೆ.
ದೀಪ ಕಟ್ಟಿಕೊಂಡು ನಾನು ಮುಂದೆ, ಹಿಂದೆ ಅವನ ಉಬ್ಬಸ.
ಮೂರು ತಿಂಗಳ ಮೇಲೆ ಒದ್ದೆಹುಲ್ಲು ಮೆಟ್ಟಿದವನು
ಮಡಿಯತ್ತ ತಿರುಗಿಯೂ ನೋಡದೆ
ರೈಲುದಿಬ್ಬದ ಕಡೆ ಗದ್ದವೆತ್ತಿ ಕೇಳಿದ:
"ದಿನಾ ಎಲ್ಲಿ ಸುರಿಯುತ್ತೀ,
ಹಳಿಯ ಈಚೆಗೋ, ಆಚೆಗೋ?"