ನಿವ್ವಳ

ಕಾರಟಗಿ ದಾಟಿ, ಸಿಂಧನೂರು ರಸ್ತೆಯ ಮಗ್ಗುಲಿಗೆ
ಭತ್ತದ ಲಾರಿ ತೂಗುವವ ನಾನು. ರಾತ್ರಿ ಪಾಳಿ.
ತುಂಬಿ ಬಂದಾಗೊಮ್ಮೆ, ಖಾಲಿ ಹೋಗುವಾಗೊಮ್ಮೆ;
ಕಳೆದರೆ ಉಳಿಯುವುದು ನಿವ್ವಳ.
ಹನ್ನೊಂದು ವರ್ಷದಿಂದ ಇದೊಂದೇ ಲೆಕ್ಕ.

ಎರಡು ತಿಂಗಳಾಯಿತು, ಚೀಟಿಯ ಬೆನ್ನಿಗೆ
ಬೇರೆಯದೊಂದು ತೂಗುತ್ತಿದ್ದೇನೆ:
ಎರಡೂ ಅಂಗೈಯಲ್ಲಿ ಹಿಡಿದು ಆಡುವ ಯಂತ್ರ,
ನಡುವೆ ಪರದೆ, ಅಕ್ಕಪಕ್ಕ ಗುಂಡಿ,
ಹೆಬ್ಬೆರಳಿಗೊಂದೊಂದು ಪುಟ್ಟ ಅಣಬೆ.

ಒಂದಕ್ಕೆ ಇಪ್ಪತ್ತೆರಡು ಸಾವಿರ. ಮೂರು ತಾಸು.
ಇನ್ನೊಂದಕ್ಕೆ ನಲವತ್ತೊಂದು. ಎಂಟು ತಾಸು ಅಂತ ಬರೆದಿದ್ದಾರೆ.
ಬರೆದಿದ್ದಾರೆ, ಸರಿ.
ಭತ್ತಕ್ಕೆ ತೇವ ಕಳೆಯುವ ಹಾಗೆ ತಾಸಿಗೂ ಕಳೆಯಬೇಕು:
ಬೆಳಕು ಏರಿಸಿದರೆ ಒಂದು, ದೊಡ್ಡ ಆಟವಾದರೆ ಎರಡು,
ಮೇ ತಿಂಗಳ ಈ ತಗಡಿನ ಕೋಣೆಗೆ ಅರ್ಧ.
ಎಂಟು ಅನ್ನುವುದು ಒಣಗಿದ ಮೇಲೆ ನಾಲ್ಕೂವರೆ.
ಮೂರು ಅನ್ನುವುದು? ಹೊಟ್ಟು.
ಸಂಬಳ ಹದಿನಾಲ್ಕು ಸಾವಿರ. ಅದನ್ನು ಈ ಚೀಟಿಗೆ ಬರೆದಿಲ್ಲ.

ಒಂದು ವಾರ, ಲಾರಿಗೂ ಲಾರಿಗೂ ನಡುವಿನ ಬಿಡುವು ಗುರುತು ಹಾಕಿಟ್ಟೆ.
ಹನ್ನೆರಡು ನಿಮಿಷ, ಏಳು, ನಲವತ್ತು, ಮೂರು,
ಕೂಡಿಸಿದರೆ ರಾತ್ರಿಗೆ ಮೂರು ತಾಸು ಚಿಲ್ಲರೆ.
ಬುಧವಾರ ಮಾತ್ರ, ಹಮಾಲರು ಕೂಲಿಗಾಗಿ ಜಗ್ಗಾಡಿ ಕೂತದ್ದಕ್ಕೆ,
ಬೆಳತನಕ ಬಿಡುವು.
ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಅವರದು.

ಶಿವಗಂಗಾ ಕೇಳಿದಳು, ಅದರಾಗ ಫೋನ್ ಬರ್ತದೇನು?
ಇಲ್ಲ.
ಫೋಟೊ?
ಇಲ್ಲ.
ಮತ್ತ್ಯಾಕದು?
ಆಡಾಕ.
ಅವಳು ನಗಲಿಲ್ಲ. ನಕ್ಕಿದ್ದರೆ ಚಲೋ ಇತ್ತು.
ಮೂವತ್ತೆಂಟರ ಬಾಯಲ್ಲಿ ಆ ಮಾತು
ಕಟ್ಟಿಸಿದ ಹಲ್ಲಿನ ಹಾಗೆ ಅಲುಗಿತು.
ಪುಂಡಿಪಲ್ಲೆ ಬಿಡಿಸುತ್ತಿದ್ದವಳು ಸ್ವಲ್ಪ ತಡೆದು,
ಚಾರ್ಜ್ ಎಷ್ಟೊತ್ತು ಇರ್ತದ? ಅಂದಳು.

ನಿನ್ನೆ ರಾತ್ರಿ ಯಮನೂರಸಾಬನ ಲಾರಿಯ ಕ್ಲೀನರ್ ದುರುಗೇಶ,
ತೂಕಕ್ಕೆಂದು ಕೆಳಗಿಳಿದವ, ಅಂಗಿಯೊಳಗಿಂದ ತೆಗೆದ:
ಹಳೇದು, ಒಂದು ಗುಂಡಿ ಇಲ್ಲ, ಬೆನ್ನಿಗೆ ಮುಚ್ಚಳವಿಲ್ಲ.
ಬ್ಯಾಟರಿ ಉಬ್ಬಿತ್ತಣ್ಣ, ಕಿತ್ತು ಒಗದೀನಿ.
ವಾಯರ್ ಹಚ್ಚಿದ್ರ ಜೀವ, ತಗದ್ರ ಹೆಣ.
ಎಷ್ಟಕ್ಕ ತಗೊಂಡಿ?
ಒಂಬೈನೂರು.

ನನ್ನ ಮೇಜಿನ ಪ್ಲಗ್ಗಿಗೆ ಹಚ್ಚಿದ. ಹತ್ತಿತು.
ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿದೆವು.
ನೀಲಿ ಅಂಗಿಯ ಗುಬ್ಬಿಯಂಥ ಮನುಷ್ಯ
ಹಳ್ಳ ಹಾರಿದ, ಮತ್ತೊಂದು ಹಾರಿದ, ಮೂರನೆಯದರಲ್ಲಿ ಬಿದ್ದ.

ಆಗ ಕಂಡಿತು
ಇಷ್ಟು ವರ್ಷ ಮೊಣಕೈಗೆ ತಾಗುತ್ತಲೇ ಇದ್ದ ಆ ಪ್ಲಗ್ಗು.
ಮಿಲ್ಲಿಗೆ ಜನರೇಟರ್ ಇದೆ; ಕರೆಂಟು ಹೋದದ್ದೇ ಇಲ್ಲಿ ತಿಳಿಯದು.
ಕುರ್ಚಿ ಬಿಟ್ಟೇಳದವನಿಗೆ ಎಂಟು ತಾಸು ಯಾತಕ್ಕೆ?
ಹತ್ತೊಂಬತ್ತು ಸಾವಿರ ಹೆಚ್ಚಿಗೆ ಕೊಟ್ಟು
ನಾನು ಕೊಳ್ಳ ಹೊರಟದ್ದು ವಾಯರಿಲ್ಲದ ಒಂದಿಷ್ಟು ದೂರವೇ?
ಎಲ್ಲಿಗೆ, ಅಂತ ಕೇಳಿಕೊಂಡೆ.
ಕಾಲುವೆಯ ದಂಡೆ ಹೊಳೆಯಿತು. ಅದರಾಚೆ ಏನೂ ಇಲ್ಲ.

ಲಾರಿ ಖಾಲಿಯಾಗಲು ಒಳಗೆ ಹೋಯಿತು.
ಹುಡುಗ ಯಂತ್ರ ನನ್ನ ಬಳಿಯೇ ಬಿಟ್ಟಿದ್ದ.
ಯಾರೂ ಇರಲಿಲ್ಲ. ಒಯ್ದು ತೂಕದ ಕಟ್ಟೆಯ ನಡುವೆ ಇಟ್ಟೆ.
ಹೊರಗಿನ ಫಲಕದಲ್ಲಿ ಕೆಂಪಗೆ: ಸೊನ್ನೆ.
ಹತ್ತು ಕಿಲೋ ಕೆಳಗಿನದು ಅದಕ್ಕೆ ಗೊತ್ತಾಗುವುದಿಲ್ಲ, ನನಗೆ ಗೊತ್ತಿದ್ದದ್ದೇ.
ನಾನೂ ಹತ್ತಿ ನಿಂತೆ: ಅರವತ್ತು.
ಅದನ್ನು ಎತ್ತಿಕೊಂಡು ನಿಂತೆ: ಅರವತ್ತು.
ಕೆಳಗಿಟ್ಟೆ: ಅರವತ್ತು.

ಮಿಲ್ಲಿನೊಳಗಿಂದ ಹಾರ್ನ್. ದುರುಗೇಶ ಓಡಿಬಂದು ಕೈ ಚಾಚಿದ.
ಕೊಡಣ್ಣ, ಹೊಂಟ್ವಿ.
ಕೊಟ್ಟೆ. ಇನ್ನೂ ಬೆಚ್ಚಗಿತ್ತು.

ಖಾಲಿ ಲಾರಿ ತೂಗಿ, ಕಳೆದು, ಚೀಟಿ ಹರಿದುಕೊಟ್ಟೆ.
ನನ್ನ ಚೀಟಿ ತಿರುವಿ ನೋಡಿದೆ,
ಇಪ್ಪತ್ತೆರಡನ್ನೂ ಹೊಡೆದು ಹಾಕಲಿಲ್ಲ, ನಲವತ್ತೊಂದನ್ನೂ.
ಕೆಳಗೆ, ಇದ್ದ ತುಸು ಜಾಗದಲ್ಲಿ, ಬರೆದೆ:
ಕಾಲುವೆತನಕ ನಡೆದು ಹೋಗಿಬರಲು
ಎಷ್ಟು ತಾಸು?